ಮಾಸಾಯಿ ಊರಿನವರೇ ನಡೆಸುವ ಪ್ರಾಥಮಿಕ ಶಾಲೆ: ಮನೆಯ ವಿದ್ಯೆಯನ್ನು ವೇಳಾಪಟ್ಟಿಗೆ ಸೇರಿಸಬೇಕೆ?

ನೈರೋಬಿ_ಲೆಕ್ಕಿಗ

ಗೆಳೆಯರೇ, ಪ್ರಶ್ನೆ ಸ್ವಲ್ಪ ಉದ್ದವಿದೆ, ತಾಳ್ಮೆಯಿಂದ ಓದಿ. ಹದಿನಾಲ್ಕು ವರ್ಷಗಳಿಂದ ನೈರೋಬಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನಾನು, ಕೀನ್ಯಾದ ಕಜಿಯಾಡೊ ಕೌಂಟಿಯ ದಕ್ಷಿಣ ಭಾಗದಲ್ಲಿ, ಅಂಬೊಸೆಲಿಯ ಕಡೆ, ದನ ಮೇಯಿಸಿ ಬದುಕುವ ಮಾಸಾಯಿ ಜನಾಂಗದವರೇ ಕಟ್ಟಿ ನಡೆಸುತ್ತಿರುವ ಒಂದು ಸಣ್ಣ ಪ್ರಾಥಮಿಕ ಶಾಲೆಯ ಜಮಾಖರ್ಚನ್ನು ವರ್ಷಕ್ಕೊಮ್ಮೆ ನೋಡಿಕೊಡುತ್ತೇನೆ. ಶಾಲೆಯ ಹೆಸರು ಇಲ್ಲಿ ಬೇಡ. ತಗಡಿನ ಸೂರಿನ ನಾಲ್ಕು ಕೊಠಡಿಗಳಿವೆ. ಶಿಕ್ಷಕರ ಸಂಬಳವನ್ನು ಪೋಷಕರೇ ಕೊಡುತ್ತಾರೆ. ಕೆಲವರು ಹಣ ಕೊಡುತ್ತಾರೆ, ಕೆಲವರು ಆಡು ಕೊಡುತ್ತಾರೆ, ಆ ಆಡನ್ನು ಯಾವ ಬೆಲೆಗೆ ಜಮಾ ಹಿಡಿಯಬೇಕು ಎಂಬುದು ನನ್ನ ವಾರ್ಷಿಕ ತಲೆನೋವು.

ಈ ಬಾರಿ ಹೋದಾಗ ಸಮಿತಿಯಲ್ಲಿ ದೊಡ್ಡ ವಾದ ನಡೆದಿತ್ತು. ಸರ್ಕಾರದ ಪಠ್ಯಕ್ರಮದ ಜೊತೆಗೆ ಮಾಸಾಯಿ ಪರಂಪರೆಯನ್ನೂ ಕಲಿಸಬೇಕೆಂಬುದು ಶಾಲೆ ಆರಂಭಿಸಿದಾಗಿನ ಮಾತು. ಅದರಂತೆ ಶುಕ್ರವಾರ ಮಧ್ಯಾಹ್ನ ‘ಸಂಸ್ಕೃತಿ’ ಎಂಬ ಒಂದು ಅವಧಿ ಇದೆ. ಆ ಹೊತ್ತಿನಲ್ಲಿ ಮಕ್ಕಳು ಹಾಡುತ್ತಾರೆ, ಮಾಸಾಯಿ ಕುಣಿತದಂತೆ ನೆಗೆಯುತ್ತಾರೆ, ಯಾರಾದರೂ ಬಿಳಿಯ ಅತಿಥಿಗಳು ಬಂದಿದ್ದರೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಬ್ಬ ಹಿರಿಯರು ಎದ್ದು, ನೆಗೆಯುವುದನ್ನು ಕಲಿಯಲು ನನ್ನ ಮೊಮ್ಮಗನಿಗೆ ಶಾಲೆ ಬೇಕಿಲ್ಲ, ಆ ಅವಧಿಯನ್ನು ಇಂಗ್ಲಿಷಿಗೆ ಕೊಡಿ ಎಂದರು. ಇನ್ನೊಬ್ಬರು, ಶಾಲೆಗೆ ಹೋದ ನನ್ನ ಹಿರಿಮಗನಿಗೆ ಮನೆಯ ದನಗಳ ಗುರುತೇ ಸಿಗುವುದಿಲ್ಲ, ಹಾಗಾದರೆ ಇದು ನಮ್ಮ ಶಾಲೆ ಹೇಗಾಯಿತು ಎಂದು ಕೇಳಿದರು. ಇಬ್ಬರ ಮಾತೂ ನನಗೆ ಸರಿಯೆನಿಸಿತು.

ಅಲ್ಲಿಯೇ ಕಂಡ ಒಂದು ಸಂಗತಿಯನ್ನೂ ಹೇಳುತ್ತೇನೆ. ಬೆಳಿಗ್ಗೆ ಮೂವತ್ತೇಳರಲ್ಲಿ ಹತ್ತೊಂಬತ್ತನ್ನು ಕಳೆಯಲಾಗದೆ ಬೈಸಿಕೊಂಡ ಎರಡನೆಯ ತರಗತಿಯ ಹುಡುಗ, ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು, ಒಳಬರುವ ಹಿಂಡನ್ನು ಎಣಿಸದೆ, ಕಿವಿ ಹರಿದ ಕಂದು ಆಡು ಬಂದಿಲ್ಲ ಎಂದು ಹೇಳಿದ. ಈ ಎರಡನ್ನೂ ಒಂದೇ ಶಾಲೆಯಲ್ಲಿ ಕೂಡಿಸುವುದು ಸಾಧ್ಯವೇ? ಬಲ್ಲವರು ತಿಳಿಸಿ.

ದಾರಿಹೋಕ

ಪರೀಕ್ಷೆಯಲ್ಲಿ ಆಡಿನ ಕಿವಿಯ ಬಗ್ಗೆ ಪ್ರಶ್ನೆ ಬರುತ್ತದೆಯೇ? ಬರುವುದಿಲ್ಲವಾದರೆ ಚರ್ಚೆ ಇಲ್ಲಿಗೇ ಮುಗಿಯಿತು.

ಮರಳಹಾದಿ

ಮುಗಿಯುವುದಿಲ್ಲ, ದಾರಿಹೋಕರೇ. ನಾನು ಉತ್ತರ ಕೀನ್ಯಾದ ಸಾಂಬುರು ಸೀಮೆಯಲ್ಲಿ ಮೂರು ವರ್ಷ ಮಕ್ಕಳ ಆರೋಗ್ಯದ ಕೆಲಸದಲ್ಲಿದ್ದೆ. ಸಾಂಬುರು ಜನರು ಮಾತನಾಡುವುದೂ ಮಾಸಾಯಿಗಳ ಮಾ ಭಾಷೆಯ ಒಂದು ರೂಪವನ್ನೇ. ಮಾಸಾಯಿಗಳಿಗೆ ಅವರು ದಾಯಾದಿಗಳಿದ್ದಂತೆ. ಅಲ್ಲಿ 1990ರ ದಶಕದ ಕೊನೆಯಲ್ಲಿ ‘ಲೊಯ್ಪಿ’ ಎಂಬ ಏರ್ಪಾಟು ಬೆಳೆಯಿತು. ಲೊಯ್ಪಿ ಎಂದರೆ ನೆರಳು. ತಾಯಂದಿರು ನೀರಿಗೆ, ಸೌದೆಗೆ ಹೋದಾಗ ಅಜ್ಜಿಯರು ಎಳೆಯ ಮಕ್ಕಳನ್ನು ಮರದ ನೆರಳಿನಲ್ಲಿ ಕೂಡಿಸಿಕೊಂಡು ಕಥೆ, ಒಗಟು, ಜೋಗುಳ ಹೇಳುತ್ತಿದ್ದ ಹಳೆಯ ಪದ್ಧತಿಯನ್ನೇ ಹಿಡಿದು, ಸುತ್ತ ಬೇಲಿ ಕಟ್ಟಿ, ಮಕ್ಕಳ ತೂಕ ನೋಡುವುದು, ಚುಚ್ಚುಮದ್ದು ಹಾಕುವುದು ಮೊದಲಾದವನ್ನು ಅದಕ್ಕೆ ಜೋಡಿಸಿದರು. ನೆದರ್‌ಲ್ಯಾಂಡ್ಸ್‌ನ ಬರ್ನಾರ್ಡ್ ವಾನ್ ಲೇರ್ ಪ್ರತಿಷ್ಠಾನ ನೆರವಾಯಿತು, ಕೀನ್ಯಾ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್ ಕೈಜೋಡಿಸಿತು. ಆದರೆ ಆಟದ ಸಾಮಾನು ಮಾಡಿದವರು, ಹಾಡು ಹೇಳಿದವರು ಆ ಊರಿನ ಅಜ್ಜಿಯರೇ.

ಗಮನಿಸಬೇಕಾದದ್ದು ಕ್ರಮವನ್ನು. ಅಲ್ಲಿ ಶಾಲೆಯೊಳಗೆ ಸಂಸ್ಕೃತಿಯನ್ನು ತಂದು ಕೂರಿಸಲಿಲ್ಲ. ಆಗಲೇ ನಡೆಯುತ್ತಿದ್ದ ಕಲಿಕೆಯ ಒಳಕ್ಕೆ ಶಾಲೆಯನ್ನು ನುಸುಳಿಸಿದರು. ನಿಮ್ಮ ಶುಕ್ರವಾರದ ನೆಗೆತ ಇದಕ್ಕೆ ತದ್ವಿರುದ್ಧ. ಅದೇ ಸೀಮೆಯಲ್ಲಿ ಹಗಲು ದನ ಕಾಯುವ ಮಕ್ಕಳಿಗಾಗಿ ಸಂಜೆ ನಡೆಯುವ ‘ಲ್ಚೆಕುಟಿ’ ಶಾಲೆಗಳೂ ಇವೆ. ಆ ಪದಕ್ಕೆ ದನಗಾಹಿಗಳು ಎಂದೇ ಅರ್ಥ. ಗಂಟೆ ಯಾವಾಗ ಹೊಡೆಯಬೇಕೆಂದು ಹಿಂಡು ನಿರ್ಧರಿಸಿದರೆ ಶಾಲೆ ಅರ್ಧ ನಮ್ಮದಾದಂತೆ.

ಹಳೆಯ_ಮೇಷ್ಟ್ರು

ಚಾಮರಾಜನಗರದ ಕಡೆಯ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷ ಒಂದನೆಯ ಮತ್ತು ಎರಡನೆಯ ತರಗತಿಗಳಿಗೆ ಪಾಠ ಮಾಡಿದವನು ನಾನು. ಆಫ್ರಿಕಾ ನೋಡಿದವನಲ್ಲ, ಆದರೆ ಕಳೆಯುವ ಲೆಕ್ಕ ಬಾರದ ಮಕ್ಕಳನ್ನು ಸಾವಿರಾರು ನೋಡಿದ್ದೇನೆ. ಲೆಕ್ಕಿಗರು ಆ ಹುಡುಗನ ಬಗ್ಗೆ ಹೇಳಿದ್ದು ಚೆನ್ನಾಗಿದೆ, ಆದರೆ ಅದನ್ನು ಅತಿಯಾಗಿ ಮೆಚ್ಚಿಕೊಳ್ಳಬೇಡಿ. ಆಡನ್ನು ಗುರುತಿಸುವುದು ಗುರುತಿನ ಶಕ್ತಿ. ಮೂವತ್ತೇಳರಲ್ಲಿ ಹತ್ತೊಂಬತ್ತು ಕಳೆಯುವುದು ದಶಕ ಬಿಚ್ಚುವ, ಅಂದರೆ ಒಂದು ಹತ್ತನ್ನು ಹತ್ತು ಬಿಡಿಗಳಾಗಿ ಒಡೆಯುವ, ಕೌಶಲ. ಒಂದಿದ್ದರೆ ಇನ್ನೊಂದು ತಾನಾಗಿ ಬರುತ್ತದೆ ಎಂಬುದು ಪೇಟೆಯವರ ಭ್ರಮೆ. ಆ ಹುಡುಗ ನಾಳೆ ಸಂತೆಯಲ್ಲಿ ಆಡು ಮಾರಿದಾಗ ದಲ್ಲಾಳಿ ಅವನಿಗೆ ಮೋಸ ಮಾಡದಿರಬೇಕಾದರೆ ಬೇಕಾಗುವುದು ಎರಡನೆಯದೇ. ಆ ಹಿರಿಯರು ಇಂಗ್ಲಿಷ್ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ನುಡಿಗಾರ

ಮೇಷ್ಟ್ರೇ, ನಿಮ್ಮ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ, ಕೊನೆಯ ವಾಕ್ಯವನ್ನು ಒಪ್ಪುವುದಿಲ್ಲ. ಆ ಹುಡುಗನಿಗೆ ಲೆಕ್ಕ ಬರಲಿಲ್ಲವೋ, ಲೆಕ್ಕ ಕೇಳಿದ ಭಾಷೆ ಬರಲಿಲ್ಲವೋ ಎಂಬುದನ್ನು ಮೊದಲು ನೋಡಬೇಕು. ಕೀನ್ಯಾದಲ್ಲಿ 1976ರ ಗಚಾತಿ ವರದಿಯ (ಸರ್ಕಾರಿ ಶಿಕ್ಷಣ ಸಮಿತಿಯೊಂದರ ವರದಿ) ಕಾಲದಿಂದಲೂ ಮೊದಲ ಮೂರು ವರ್ಷ ಆಯಾ ಸೀಮೆಯ ಭಾಷೆಯಲ್ಲಿ ಕಲಿಸಬೇಕೆಂಬ ನೀತಿಯಿದೆ. 2019ರಿಂದ ಕೆಳ ತರಗತಿಗಳಿಗೆ ಬಂದಿರುವ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ ಸ್ಥಳೀಯ ಭಾಷೆಗೆ ಪ್ರತ್ಯೇಕ ಜಾಗವೂ ಇದೆ. ಆದರೂ ಎಷ್ಟೋ ಶಾಲೆಗಳಲ್ಲಿ ಮೊದಲ ದಿನದಿಂದಲೇ ಇಂಗ್ಲಿಷ್ ಮಾತಾಗುತ್ತದೆ. ಇದು ನಮಗೂ ತಿಳಿಯದ ಕಥೆಯೇನಲ್ಲ.

ಮಾ ಭಾಷೆಯನ್ನು ಬರೆಯಿಸುವುದು ಸುಲಭವೆಂದೂ ನಾನು ಹೇಳುವುದಿಲ್ಲ. ಅದರಲ್ಲಿ ಒಂಬತ್ತು ಸ್ವರಗಳಿವೆ, ಸಾಮಾನ್ಯ ಬರವಣಿಗೆಯಲ್ಲಿ ಬಳಸುವುದು ಐದೇ ಅಕ್ಷರ. ಅದಕ್ಕಿಂತ ದೊಡ್ಡ ತೊಡಕೆಂದರೆ, ಕ್ರಿಯಾಪದ ಮೊದಲು ಬರುವ ಆ ಭಾಷೆಯಲ್ಲಿ ಕರ್ತೃ ಯಾರು, ಕರ್ಮ ಯಾರು ಎಂಬುದನ್ನು ತಿಳಿಸುವುದು ದನಿಯ ಏರಿಳಿತ, ಮತ್ತು ಆ ಏರಿಳಿತವನ್ನು ಯಾರೂ ಬರೆಯುವುದಿಲ್ಲ. ನಮ್ಮಲ್ಲಾದರೆ ‘ಅನ್ನು’ ಪ್ರತ್ಯಯವಿದೆ. ಅವರಲ್ಲಿ ಸಿಂಹ ಹಸುವನ್ನು ಕಂಡಿತೋ ಹಸು ಸಿಂಹವನ್ನು ಕಂಡಿತೋ ಎಂಬುದು ಓದುವವನ ಕಿವಿಗೆ ಬಿಟ್ಟದ್ದು. ಆದ್ದರಿಂದ ಮಾ ತಾಯ್ನುಡಿಯ ಶಿಕ್ಷಕರೇ ಬೇಕು. ಒಳ್ಳೆಯ ಸುದ್ದಿಯೂ ಇದೆ: ಮಾಸಾಯಿಗಳು ಸಂಖ್ಯೆಯನ್ನು ಹೇಳುವಾಗ ಬೆರಳಿನಲ್ಲೂ ತೋರಿಸುತ್ತಾರೆ, ಒಂದೊಂದು ಸಂಖ್ಯೆಗೆ ಒಂದೊಂದು ಸನ್ನೆ. ನಬೊ, ಆರೆ, ಉನಿ ಎಂದು ಹತ್ತರವರೆಗೆ, ಅಂದರೆ ತೊಮೊನ್‌ವರೆಗೆ, ಬಾಯಿ ಮತ್ತು ಕೈ ಜೊತೆಗೇ ನಡೆಯುತ್ತವೆ. ಮೇಷ್ಟ್ರು ಕೇಳುವ ದಶಕ ಬಿಚ್ಚುವ ಕೌಶಲವನ್ನು ಆ ಕೈಯಿಂದಲೇ ಆರಂಭಿಸಬಹುದಲ್ಲ?

ಹಳೆಯ_ಮೇಷ್ಟ್ರು

ಬೆರಳಿನ ಮಾತು ನನಗೆ ಹೊಸದು. ಇಷ್ಟು ಗೊತ್ತಿದ್ದರೆ ಕೊನೆಯ ವಾಕ್ಯವನ್ನು ಬರೆಯುತ್ತಿರಲಿಲ್ಲ. ಆದರೆ ಮೂರನೆಯ ತರಗತಿ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಮತ್ತು ಸ್ವಾಹಿಲಿ ಗಟ್ಟಿಯಾಗಿರಬೇಕು ಎಂಬ ಹಟವನ್ನು ಬಿಡುವುದಿಲ್ಲ.

ಅರುಷಾದ_ಅಕ್ಕ

ಗಡಿಯ ಈಚೆಯಿಂದ ಒಂದು ಮಾತು. ತಾಂಜಾನಿಯಾದಲ್ಲಿ ನಿಮಗಿರುವ ಮೂರು ವರ್ಷಗಳ ರಿಯಾಯಿತಿಯೂ ಇಲ್ಲ. ಪ್ರಾಥಮಿಕ ಶಾಲೆಯೆಂದರೆ ಸ್ವಾಹಿಲಿ, ಪ್ರೌಢಶಾಲೆಯೆಂದರೆ ಇಂಗ್ಲಿಷ್. ಮೊಂಡುಲಿ, ಲೊಂಗಿಡೊ ಕಡೆಯ ಮಗು ಮನೆಯಲ್ಲಿ ಮಾ ಮಾತ್ರ ಕೇಳಿ ಬೆಳೆದು, ಒಂದನೆಯ ತರಗತಿಯಲ್ಲಿ ಒಮ್ಮೆ, ಪ್ರೌಢಶಾಲೆಯಲ್ಲಿ ಇನ್ನೊಮ್ಮೆ, ಹೀಗೆ ಎರಡು ಸಲ ಮೂಕವಾಗುತ್ತದೆ. ಇಲ್ಲಿನ ಮೊದಲ ಅಧ್ಯಕ್ಷ ನ್ಯೆರೆರೆಯವರು 1967ರಲ್ಲಿ ಸ್ವಾವಲಂಬನೆಗಾಗಿ ಶಿಕ್ಷಣವೆಂಬ ನೀತಿಯನ್ನು ತಂದಾಗ ಶಾಲೆ ಊರಿನ ಬದುಕಿಗೆ ಅಂಟಿಕೊಂಡಿರಬೇಕು ಎಂದು ಹೇಳಿದ್ದು ನಿಜ. ಆದರೆ ಅವರ ಕಣ್ಣಿನ ಮುಂದಿದ್ದದ್ದು ಉಳುವವರ ಊರು, ಮೇಯಿಸುವವರ ಊರಲ್ಲ. ಅದೇ 1960ರ ದಶಕದ ಕೊನೆಯಲ್ಲಿ ಮಾಸಾಯಿಗಳು ತಮ್ಮ ಉಡುಪು ಬಿಟ್ಟು ಪ್ಯಾಂಟು ಹಾಕಬೇಕೆಂದು ಸರ್ಕಾರವೇ ಅಭಿಯಾನ ನಡೆಸಿತ್ತು. ಹೀಗಾಗಿ ‘ಶಾಲೆ’ ಎಂದರೆ ‘ನಮ್ಮನ್ನು ತಿದ್ದಲು ಬಂದದ್ದು’ ಎಂಬ ಅನುಮಾನ ಇಲ್ಲಿನ ಹಿರಿಯರಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಹೆಸರಿನಲ್ಲೇ ಉತ್ತರ ಕೊಟ್ಟವರೂ ಇದ್ದಾರೆ. ಲೊಲಿಯೊಂಡೊದಲ್ಲಿ 1997ರಲ್ಲಿ ಆರಂಭವಾದ, ಮಾಸಾಯಿ ಹೆಂಗಸರೇ ನಡೆಸುವ ಪ್ಯಾಸ್ಟೊರಲ್ ವಿಮೆನ್ಸ್ ಕೌನ್ಸಿಲ್ ತನ್ನ ಪ್ರೌಢಶಾಲೆಗೆ ‘ಎಮನ್ಯಟ’ ಎಂದು ಹೆಸರಿಟ್ಟಿದೆ. ಎಮನ್ಯಟ ಎಂದರೆ ಮೊರಾನ್‌ಗಳು, ಅಂದರೆ ಯೋಧವಯಸ್ಸಿನ ಹುಡುಗರು, ಒಟ್ಟಿಗಿದ್ದು ಕಲಿಯುವ ಬಿಡಾರ. ಅಲ್ಲೀಗ ಹೆಣ್ಣುಮಕ್ಕಳೂ ಓದುತ್ತಾರೆ. ನನಗೆ ಆ ಹೆಸರು ಬಹಳ ಇಷ್ಟ.

ದಾರಿಹೋಕ

ಎಲ್ಲರೂ ಒಗಟು, ಜೋಗುಳ, ಬೆರಳು ಎಂದು ಸವಿಯಾದದ್ದನ್ನೇ ಆರಿಸಿಕೊಳ್ಳುತ್ತಿದ್ದೀರಿ. ಹೆಣ್ಣುಮಕ್ಕಳ ಜನನಾಂಗ ಛೇದನವೂ ಪರಂಪರೆಯೇ ಆಗಿತ್ತು, ಹನ್ನೆರಡನೆಯ ವಯಸ್ಸಿನಲ್ಲಿ ಮದುವೆ ಮಾಡುವುದೂ ಪರಂಪರೆಯೇ. ‘ಪರಂಪರೆಯನ್ನು ಬೆರೆಸುವ ಶಾಲೆ’ ಇದಕ್ಕೆ ಏನು ಹೇಳುತ್ತದೆ?

ಮರಳಹಾದಿ

ಇದನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ಕೀನ್ಯಾದಲ್ಲಿ 2011ರ ಕಾನೂನು ಛೇದನವನ್ನು ನಿಷೇಧಿಸಿದೆ, ಆದರೆ ಕಾನೂನು ಒಂದೇ ಆಗಿದ್ದರೆ ಆ ಕೆಲಸ ಕತ್ತಲಲ್ಲಿ ನಡೆಯುತ್ತಿತ್ತು, ಕೆಲವೆಡೆ ಹಾಗೆ ನಡೆದೂ ಇದೆ.

ಇಲ್ಲಿ ಕಕೆನ್ಯಾ ನ್ಟಯ್ಯಾ ಅವರ ಶಾಲೆಯನ್ನು ನೋಡಬೇಕು. ನಾರೊಕ್ ಕೌಂಟಿಯ ಎನೊಸಾಯೆನ್ ಎಂಬ ಊರಿನವರು ಅವರು. ಛೇದನಕ್ಕೆ ಒಪ್ಪುತ್ತೇನೆ, ಅದಕ್ಕೆ ಬದಲಾಗಿ ನನ್ನನ್ನು ಓದಲು ಬಿಡಬೇಕು ಎಂದು ತಂದೆಯೊಡನೆ ಚೌಕಾಶಿ ಮಾಡಿ ಓದು ಮುಂದುವರಿಸಿದವರು. ಮುಂದೆ ಅಮೆರಿಕದ ವರ್ಜೀನಿಯಾದ ಕಾಲೇಜಿಗೆ ಹೋಗಲು ಊರು ಹಣ ಕೂಡಿಸಿತು, ಓದಿ ಬಂದು ಊರಿಗೇನಾದರೂ ಮಾಡುತ್ತೇನೆ ಎಂದು ಅವರು ಮಾತು ಕೊಟ್ಟರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು, ಅದೇ ಊರಿನ ಹಿರಿಯರ ಮನವೊಲಿಸಿ 2009ರಲ್ಲಿ ಹೆಣ್ಣುಮಕ್ಕಳಿಗೆ, ನಾಲ್ಕನೆಯ ತರಗತಿಯಿಂದ ಪ್ರಾಥಮಿಕ ಶಾಲೆ ತೆರೆದರು. ಮಗಳಿಗೆ ಛೇದನ ಮಾಡಿಸುವುದಿಲ್ಲ, ಬೇಗ ಮದುವೆ ಮಾಡುವುದಿಲ್ಲ ಎಂದು ಪೋಷಕರು ಒಪ್ಪಬೇಕು ಎಂಬುದು ಆ ಶಾಲೆಯ ನಿಯಮ.

ಗಮನಿಸಿ, ಆಕೆ ಹಿರಿಯರನ್ನು ದಾಟಿ ಹೋಗಲಿಲ್ಲ, ಹಿರಿಯರ ಸಭೆಯ ಮೂಲಕವೇ ಹೋದರು. ಹಿರಿಯರ ಒಪ್ಪಿಗೆ ಪಡೆಯುವುದು, ಕೊಟ್ಟ ಮಾತಿಗೆ ಊರೇ ಸಾಕ್ಷಿಯಾಗುವುದು, ಇವೆಲ್ಲ ಮಾಸಾಯಿ ಪರಂಪರೆಯೇ, ದಾರಿಹೋಕರೇ. ಕಜಿಯಾಡೊ ಸೀಮೆಯಲ್ಲಿ ಆಮ್ರೆಫ್ ಎಂಬ ಆರೋಗ್ಯ ಸಂಸ್ಥೆ ಬೆಂಬಲಿಸಿದ ಬದಲಿ ವಿಧಿಯೂ ಹೀಗೆಯೇ ನಡೆಯುತ್ತದೆ: ಹಾಡು, ಹರಕೆ, ಹಿರಿಯರ ಆಶೀರ್ವಾದ ಎಲ್ಲವೂ ಇರುತ್ತವೆ, ಕತ್ತಿಯೊಂದು ಇರುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವರೇ ಕುಳಿತು ಆರಿಸುತ್ತಿದ್ದಾರೆ.

ಸೊಪ್ಪಿನಬೆಟ್ಟ

ಎಲ್ಲ ಸರಿ, ಆದರೆ ಅಂತಹ ವಸತಿಶಾಲೆ ನಡೆಯುವುದು ಹೊರದೇಶದ ದಾನದಿಂದ. ಹಾಗಿರುವಾಗ ‘ಸಮುದಾಯವೇ ನಡೆಸುವ’ ಎಂಬ ಮಾತಿಗೆ ಎಷ್ಟು ಬೆಲೆ? ವಸತಿಶಾಲೆಯಲ್ಲಿ ಬೆಳೆದ ಮಗು ಅಜ್ಜಿಯ ಕಥೆ ಕೇಳುವುದಾದರೂ ಯಾವಾಗ? ನಾನು ಟೀಕಿಸಲು ಕೇಳುತ್ತಿಲ್ಲ. ಬರಗಾಲದಲ್ಲಿ ವಸತಿ ಬೇಕೇ ಬೇಕು ಎಂಬುದೂ ನನಗೆ ಗೊತ್ತು. 2020ರ ಕೊನೆಯಿಂದ 2022ರ ಕೊನೆಯವರೆಗೆ ಐದು ಮಳೆಗಾಲಗಳು ಸಾಲಾಗಿ ಕೈಕೊಟ್ಟಾಗ, ದನಗಳ ಹಿಂದೆ ಮನೆಮಂದಿಯೆಲ್ಲ ಹೋದ ಮೇಲೆ ಮಗುವಿಗೆ ಊಟ ಸಿಗುವ ಜಾಗವೆಂದರೆ ಶಾಲೆಯೇ ಆಗಿತ್ತು. ಆದರೆ ದೂರ ಇಟ್ಟು ಕಾಪಾಡುವುದಕ್ಕೂ ಹತ್ತಿರ ಇಟ್ಟು ಕಲಿಸುವುದಕ್ಕೂ ನಡುವೆ ಇರುವ ಎಳೆದಾಟವನ್ನು ಯಾರೂ ಬಿಡಿಸಿಲ್ಲ.

ನುಡಿಗಾರ

ಹೌದು, ಬಿಡಿಸಿಲ್ಲ. ಆ ಎಳೆದಾಟ ಇಂದಿನದೂ ಅಲ್ಲ. ಮನೆಗೊಂದು ಮಗುವನ್ನು ಶಾಲೆಗೆ ಕಳುಹಿಸಲೇಬೇಕು ಎಂಬ ಒತ್ತಾಯವಿದ್ದ ಕಾಲದಲ್ಲಿ ಉತ್ತರ ಕೀನ್ಯಾದ ಅಲೆಮಾರಿ ಕುಟುಂಬದಿಂದ ಶಾಲೆಗೆ ಹೋದ ಜೋಸೆಫ್ ಲೆಕುಟನ್, ಮುಂದೆ ಅಮೆರಿಕದಲ್ಲಿ ಶಿಕ್ಷಕರಾಗಿ, ಊರಿಗೆ ಮರಳಿ 2006ರಲ್ಲಿ ಸಂಸತ್ ಸದಸ್ಯರಾದರು. ರಜೆ ಸಿಕ್ಕಿದಾಗ ಮನೆಯವರು ದನಗಳೊಡನೆ ಎಲ್ಲಿಗೆ ಹೋಗಿದ್ದಾರೆಂದು ಹುಡುಕಿಕೊಂಡು ನಡೆಯಬೇಕಾಗುತ್ತಿತ್ತು ಎಂದು ಅವರು ತಮ್ಮ ಬಾಲ್ಯದ ಬಗ್ಗೆ ಹೇಳಿಕೊಂಡಿದ್ದಾರೆ.

ಕೆಂಪುಮಣ್ಣು

ವಿಷಯಾಂತರಕ್ಕೆ ಕ್ಷಮೆಯಿರಲಿ. ಎನೊಸಾಯೆನ್ ಎಂದರೆ 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕಕ್ಕೆ ಹದಿನಾಲ್ಕು ಹಸುಗಳನ್ನು ದಾನ ಕೊಟ್ಟ ಊರಲ್ಲವೇ? ಇನ್ನೊಂದು ಮಾತು, ಅದೇ ಕಜಿಯಾಡೊದಲ್ಲಿ ಮಾಗಡಿ ಎಂಬ ಊರಿದೆಯಂತೆ. ಕೆಂಪೇಗೌಡರಿಗೂ ಅದಕ್ಕೂ ಸಂಬಂಧ ಹುಡುಕುವವರು ಇನ್ನೂ ಹುಟ್ಟಿಲ್ಲವೇಕೆ?

ನೈರೋಬಿ_ಲೆಕ್ಕಿಗ

ಹೌದು, 2002ರಲ್ಲಿ ಕೊಟ್ಟರು. ಆ ಮಾಗಡಿ ಸ್ವಾಹಿಲಿಯ ಸೋಡಾ ಉಪ್ಪು. ಅಲ್ಲಿನ ಸರೋವರದ ಸೋಡಾ ತೆಗೆಯುವ ಕಾರ್ಖಾನೆ ಈಗ ಟಾಟಾದವರದ್ದು. ಕೆಂಪೇಗೌಡರನ್ನು ಅಲ್ಲಿಗೆ ಎಳೆಯಬೇಡಿ. ದಯವಿಟ್ಟು ಶಾಲೆಗೆ ಮರಳೋಣ, ಶನಿವಾರ ಸಮಿತಿಯ ಸಭೆಯಿದೆ.

ಹಳೆಯ_ಮೇಷ್ಟ್ರು

ಲೆಕ್ಕಿಗರೇ, ಅಲ್ಲಿನ ಮಕ್ಕಳು ನೆಲದಲ್ಲಿ ಕುಳಿ ತೋಡಿ ಆಡುವ ಆಟವೇನಾದರೂ ಇದೆಯೇ? ನಮ್ಮ ಅಳಗುಳಿ ಮಣೆಯಂಥದ್ದು? ಆಫ್ರಿಕಾದಲ್ಲಿ ಇಂತಹ ಆಟಗಳು ಬಹಳ ಇವೆ ಎಂದು ಕೇಳಿದ್ದೇನೆ.

ನೈರೋಬಿ_ಲೆಕ್ಕಿಗ

ಇದೆ, ಮೇಷ್ಟ್ರೇ! ‘ಎಂಕೆಶುಯಿ’ ಎನ್ನುತ್ತಾರೆ. ಎರಡು ಸಾಲು ಕುಳಿ, ಬೀಜ ಅಥವಾ ಕಲ್ಲು. ಮರದ ಕೆಳಗೆ ದೊಡ್ಡವರೇ ಗಂಟೆಗಟ್ಟಲೆ ಕುಳಿತಿರುತ್ತಾರೆ. ನನ್ನ ಅಜ್ಜಿಯ ಊರಿನ ಚೆನ್ನೆಮಣೆ ನೆನಪಾಗಿ ನಾನೂ ಒಮ್ಮೆ ಕುಳಿತೆ. ಕಾಲು ಗಂಟೆಯಲ್ಲಿ ಕೈಯಲ್ಲಿದ್ದ ಕಲ್ಲೆಲ್ಲ ಹೋಯಿತು. ಎದುರಿಗಿದ್ದ ಅಜ್ಜ ಕುಳಿಯನ್ನು ಮುಟ್ಟದೆ, ಕಣ್ಣಿನಲ್ಲೇ ಬಿತ್ತಿ ನೋಡಿ, ಆಮೇಲೆ ಕೈ ಹಾಕುತ್ತಿದ್ದ.

ಹಳೆಯ_ಮೇಷ್ಟ್ರು

ಹಾಗಾದರೆ ನನ್ನ ಅರ್ಜಿ ಇದೇ. ಶುಕ್ರವಾರದ ನೆಗೆತವನ್ನು ನಿಲ್ಲಿಸಿ, ಆ ಅಜ್ಜನನ್ನು ಎರಡನೆಯ ತರಗತಿಯ ಗಣಿತದ ಅವಧಿಗೆ ಕರೆಯಿರಿ. ಒಂದು ಕುಳಿಯಲ್ಲಿ ಹತ್ತು ತುಂಬಿದರೆ ಪಕ್ಕದ ಸಾಲಿನಲ್ಲಿ ಒಂದು ಎಂದು ನಿಯಮ ಮಾಡಿಕೊಂಡರೆ ದಶಕ ಬಿಚ್ಚುವುದು ಎರಡು ವಾರದ ಕೆಲಸ. ಅದು ಸಂಸ್ಕೃತಿಯ ಪಾಠವೆಂದು ಯಾರೂ ಫಲಕ ಹಾಕಬೇಕಾಗಿಲ್ಲ.

ಅರುಷಾದ_ಅಕ್ಕ

ಮಣಿಗಳನ್ನು ಮರೆಯಬೇಡಿ. ಮಣಿ ಪೋಣಿಸುವ ಹೆಂಗಸರು ಎರಡು ಕೆಂಪು, ಒಂದು ಬಿಳಿ, ಮೂರು ನೀಲಿ ಎಂದು ಸಾಲು ಹಿಡಿಯುವಾಗ ಮಾಡುವುದು ಗುಣಾಕಾರವೇ. ಅಂದಹಾಗೆ, ಅಪ್ಪಟ ಮಾಸಾಯಿ ಪರಂಪರೆ ಎಂದು ಎಲ್ಲರೂ ಫೋಟೋ ತೆಗೆಯುವ ಆ ಗಾಜಿನ ಮಣಿಗಳು ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿಗಳ ಜೊತೆ ಯುರೋಪಿನಿಂದ ಬಂದವು. ಬೆರೆಸುವ ಕೆಲಸವನ್ನು ಹೆಂಗಸರು ಯಾವ ಸಮಿತಿಯ ಅನುಮತಿಗೂ ಕಾಯದೆ ಆಗಲೇ ಮಾಡಿಬಿಟ್ಟಿದ್ದರು.

ಸೊಪ್ಪಿನಬೆಟ್ಟ

ಗಂಡುಮಕ್ಕಳ ವಿಧಿಗಳ ಬಗ್ಗೆಯೂ ಯೋಚಿಸಬೇಕು. ಹುಡುಗರು ಯೋಧರಾಗಿ, ಮುಂದೆ ಹಿರಿಯರಾಗಿ ಬಡ್ತಿ ಪಡೆಯುವ ಎಂಕಿಪಾಟ, ಎಉನೊಟೊ, ಒಲ್ಙೆಶೆರ್ ಎಂಬ ಮೂರು ವಿಧಿಗಳನ್ನು ಯುನೆಸ್ಕೊ 2018ರಲ್ಲಿ ತುರ್ತು ರಕ್ಷಣೆ ಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿದೆ. ತುರ್ತು ಎಂದರೆ ಅವು ಕ್ಷೀಣಿಸುತ್ತಿವೆ ಎಂದೇ ಅರ್ಥ, ಮತ್ತು ಶಾಲೆಯ ಕ್ಯಾಲೆಂಡರ್ ಕೂಡ ಅದಕ್ಕೊಂದು ಕಾರಣ. ಎಉನೊಟೊದಲ್ಲಿ ಮೊರಾನ್‌ನ ಉದ್ದಕೂದಲನ್ನು ತಾಯಿ ಬೋಳಿಸುತ್ತಾಳೆ. ಶಾಲೆಯ ಹುಡುಗನ ತಲೆಯಲ್ಲಿ ಬೋಳಿಸಲು ಕೂದಲೇ ಇರುವುದಿಲ್ಲ. ಆದರೆ ನನ್ನ ಗಮನ ಸೆಳೆಯುವುದು ‘ಒಲ್ಪಿರೋನ್’ ಎಂಬ ಏರ್ಪಾಟು. ಆ ಪದಕ್ಕೆ ಬೆಂಕಿ ಕಡೆಯುವ ಕೋಲು ಎಂದರ್ಥ, ನಮ್ಮ ಅರಣಿಯ ಹಾಗೆ. ಹೊಸ ವಯೋವರ್ಗದ, ಅಂದರೆ ಒಟ್ಟಿಗೆ ವಿಧಿಗಳನ್ನು ದಾಟುವ ಓರಗೆಯ ಗುಂಪಿನ, ಹುಡುಗರನ್ನು ತಿದ್ದುವ ಹೊಣೆ ಅವರ ತಂದೆಯರದ್ದಲ್ಲ, ಎರಡು ವರ್ಗ ಮೇಲಿನ ಹಿರಿಯರದ್ದು. ಶಾಲಾ ಸಮಿತಿಯಲ್ಲಿ ತಂದೆತಾಯಿಗಳೇ ತುಂಬಿರುವ ಬದಲು ಅಂತಹ ಹಿರಿಯರೂ ಇದ್ದರೆ, ಹುಡುಗರು ಶಾಲೆ ಬಿಟ್ಟಾಗ ಹೋಗಿ ಕರೆತರುವ ಅಧಿಕಾರ ಅವರಿಗೆ ತಾನಾಗಿ ಇರುತ್ತದೆ.

ದಾರಿಹೋಕ

ನನ್ನ ಮೊದಲ ಪ್ರಶ್ನೆಯನ್ನು ಹಿಂತೆಗೆದುಕೊಳ್ಳುತ್ತೇನೆ, ಎರಡನೆಯದನ್ನು ಅಲ್ಲ. ಸಮಿತಿಯಲ್ಲಿ ಹೆಂಗಸರೆಷ್ಟು?

ನೈರೋಬಿ_ಲೆಕ್ಕಿಗ

ಹನ್ನೊಂದರಲ್ಲಿ ಇಬ್ಬರು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ನೈರೋಬಿ_ಲೆಕ್ಕಿಗ

ಶನಿವಾರದ ಸಭೆಯ ವರದಿ. ನಿಮ್ಮೆಲ್ಲರ ಮಾತುಗಳನ್ನು ಸ್ವಾಹಿಲಿಯಲ್ಲಿ ಹೇಳಿದೆ, ಮುಖ್ಯಶಿಕ್ಷಕರು ಮಾ ಭಾಷೆಗೆ ತಿರುಗಿಸಿದರು. ಹೀಗೆ ಎರಡು ಸಲ ಸೋಸಿದ ಮೇಲೆ ಏನು ಉಳಿಯಿತೋ ಅಷ್ಟು ಅವರಿಗೆ ತಲುಪಿದೆ. ಶುಕ್ರವಾರದ ಅವಧಿಯನ್ನು ತೆಗೆದುಹಾಕಿದರು. ಇಂಗ್ಲಿಷ್ ಕೇಳಿದ ಹಿರಿಯರಿಗೆ ಆ ಅವಧಿ ಸಿಕ್ಕಿತು. ಮೊದಲ ಮೂರು ತರಗತಿಗಳಲ್ಲಿ ಗಣಿತವನ್ನು ಮಾ ಭಾಷೆಯಲ್ಲೇ ಹೇಳಿಕೊಡಲು ಒಪ್ಪಿದರು. ಎಂಕೆಶುಯಿಯ ಮಾತು ಬಂದಾಗ ಗಂಡಸರೆಲ್ಲ ನಕ್ಕರು, ಅದು ಸೋಮಾರಿಗಳ ಆಟ ಎಂದರು. ಹಾಗಾದರೆ ನೀವು ದಿನವಿಡೀ ಅದನ್ನೇ ಏಕೆ ಆಡುತ್ತೀರಿ ಎಂದು ಆ ಇಬ್ಬರು ಹೆಂಗಸರಲ್ಲಿ ಒಬ್ಬರು ಕೇಳಿದ ಮೇಲೆ ನಗು ನಿಂತಿತು, ನಿರ್ಣಯ ಆಯಿತು.

ಗಂಟೆಯ ವಿಷಯದಲ್ಲಿ ಹಿಂಡಿಗಿಂತ ಆನೆಗಳ ಮಾತು ನಡೆಯಿತು. ಬೆಳಗಿನ ಹೊತ್ತು ಆನೆಗಳು ದಾರಿಯಲ್ಲಿರುವುದರಿಂದ ದೂರದ ಮಕ್ಕಳಿಗೆ ಒಂದು ಗಂಟೆ ತಡವಾಗಿ ಬರಲು ಅನುಮತಿ ಸಿಕ್ಕಿದೆ. ಮಣಿ ಪೋಣಿಸುವ ಇಬ್ಬರು ಅಜ್ಜಿಯರು ಮೂರನೆಯ ತರಗತಿಗೆ ವಾರಕ್ಕೆರಡು ದಿನ ಬರುತ್ತಾರೆ. ಗೌರವಧನವಾಗಿ ಸಕ್ಕರೆ ಮತ್ತು ಚಹಾಪುಡಿ ಕೇಳಿದ್ದಾರೆ, ನಾನು ಅದನ್ನು ಬೋಧನಾ ವೆಚ್ಚದಲ್ಲಿ ಬರೆದಿದ್ದೇನೆ. ಹೆಣ್ಣುಮಕ್ಕಳ ಬಗ್ಗೆ ಪೋಷಕರಿಂದ ಒಪ್ಪಿಗೆ ಬರೆಸಿಕೊಳ್ಳುವ ಮಾತನ್ನು ಎತ್ತಿದಾಗ ಸಭೆ ಬಹಳ ಹೊತ್ತು ಸುಮ್ಮನಿತ್ತು, ಆಮೇಲೆ ಮುಂದಿನ ತಿಂಗಳಿಗೆ ಮುಂದೂಡಿತು. ಸಮಿತಿಗೆ ಇನ್ನೂ ಮೂವರು ಹೆಂಗಸರನ್ನು ಸೇರಿಸಿಕೊಂಡ ಮೇಲೆ ಅದನ್ನು ಮತ್ತೆ ತೆಗೆದುಕೊಳ್ಳುತ್ತಾರೆ.

ದಾರಿಹೋಕ

ಮುಂದೂಡಿದ್ದನ್ನು ಮರೆಯದೆ ಇಲ್ಲಿ ಬರೆಯಿರಿ. ಆಡಿಗೆ ಯಾವ ಬೆಲೆ ಹಿಡಿದಿರಿ?

ನೈರೋಬಿ_ಲೆಕ್ಕಿಗ

ಹಿಂದಿನ ಸಂತೆಯ ಬೆಲೆ. ಆದರೆ ಕಳೆದ ವರ್ಷ ಸಂಬಳಕ್ಕೆಂದು ಬಂದ ಆಡುಗಳಲ್ಲಿ ಒಂದು ಮಾರಾಟವಾಗುವ ಮೊದಲೇ ಎರಡು ಮರಿ ಹಾಕಿದೆ. ಅವನ್ನು ಯಾವ ಖಾತೆಗೆ ಸೇರಿಸಬೇಕೆಂದು ಸಮಿತಿ ಇನ್ನೂ ತೀರ್ಮಾನಿಸಿಲ್ಲ.